ಕೆಳಸಾಲಿನ ಸಾದಾ ಗಾಜು

ಟಿಕೋಟಾದ ಸಾವಕಾರರ ವಾಡೆಯ ಬಣ್ಣದ ಕಿಟಕಿಗಳ ಸಂಗತಿಯನ್ನು ಈಗ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಿದ್ದಾರೆ. ಮೊನ್ನೆ ಬಸ್ಸಿನಲ್ಲಿ ಒಬ್ಬ ನನ್ನ ಪಕ್ಕದಲ್ಲೇ ಕೂತು, ಪುಣೆಯಿಂದ ತಜ್ಞರು ಬಂದು ಸರಿಮಾಡಿದರಂತೆ ಎಂದು ನನಗೇ ಹೇಳಿದ. ಯಾವ ತಜ್ಞರೂ ಬಂದಿಲ್ಲ. ಹೋದವರು ನಾನು ಮತ್ತು ಮುನೀರಾ. ಅದಕ್ಕೇ ಈ ಫೋನು ಹಿಡಿದು ಕೂತಿದ್ದೇನೆ. ಇದರಲ್ಲಿ ಮಾತಾಡಿ ಕಳಿಸಿದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಅದೊಂದು ಸುಖ.

ನಾನು ಶಂಕರೆಪ್ಪ. ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ನನ್ನದು ಗಾಜು ಕೊಯ್ಯುವ ಅಂಗಡಿ. ಫೋಟೊಗಳಿಗೆ ಚೌಕಟ್ಟು, ಕಪಾಟುಗಳಿಗೆ ಗಾಜು, ಕಟಿಂಗ್ ಅಂಗಡಿಗಳಿಗೆ ಕನ್ನಡಿ, ಇವೆಲ್ಲ ಹೊಟ್ಟೆಪಾಡು. ಹಳೆಯ ಬಣ್ಣದ ಗಾಜಿನ ಕಿಟಕಿಗಳನ್ನು ಇದ್ದ ಹಾಗೆಯೇ ಉಳಿಸಿ ಗಟ್ಟಿಮಾಡುವುದು ನಮ್ಮ ನಿಜವಾದ ಕೆಲಸ. ಅದನ್ನು ನಮ್ಮಷ್ಟು ಚೆನ್ನಾಗಿ ಮಾಡುವವರು ಈ ಜಿಲ್ಲೆಯಲ್ಲಿ ಇಲ್ಲ. ಹೀಗೆ ಹೇಳಿಕೊಳ್ಳಬಾರದು ಅನ್ನುವವರಿದ್ದಾರೆ. ಅವರು ಗಾಜು ಕೊಯ್ದು ತೋರಿಸಲಿ.

ಮುನೀರಾ ನನ್ನ ಪಾಲುದಾರ ಫಯಾಜನ ಮಗಳು. ಫಯಾಜ ತೀರಿಹೋದ ಮೇಲೆ ಅಂಗಡಿಯ ಅರ್ಧ ಪಾಲು ಅವಳದು. ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕೈ ಚುರುಕು. ನಾನು ಮಾತಾಡುತ್ತೇನೆ, ಅವಳು ಕೆಲಸ ಮಾಡುತ್ತಾಳೆ ಎಂದು ಗಿರಾಕಿಗಳು ಚುಚ್ಚುತ್ತಾರೆ. ಆ ಗಿರಾಕಿಗಳು ಬರುವುದೇ ನನ್ನ ಮಾತಿಗೆ ಎಂಬುದು ಮುನೀರಾಗೆ ಗೊತ್ತು, ಹಾಗಾಗಿ ಅವಳು ನಗುತ್ತಾಳೆ ಅಷ್ಟೇ.

ಮಾವಿನಹಣ್ಣಿನ ಕಾಲದಲ್ಲಿ ಟಿಕೋಟಾದಿಂದ ಸಿದ್ದಲಿಂಗೇಶನ ಫೋನು ಬಂತು. ಸಾವಕಾರರ ಮೊಮ್ಮಗ. ದ್ರಾಕ್ಷಿ ತೋಟ ಇದೆ, ಒಣದ್ರಾಕ್ಷಿಯ ವ್ಯಾಪಾರ ಇದೆ. ಪಡಸಾಲೆಯ ಮೂರು ಬಣ್ಣದ ಕಿಟಕಿಗಳನ್ನು ಒಡೆಯದಂತೆ ಕಿತ್ತು ಕೊಡಬೇಕು, ಪುಣೆಯವನೊಬ್ಬ ತನ್ನ ಹೋಟೆಲಿಗೆ ಒಯ್ಯುತ್ತಾನೆ ಎಂದ. ನಾನು ಮುನೀರಾಳ ಸ್ಕೂಟರಿನ ಹಿಂದೆ ಕೂತು ಹೋದೆ. ಈ ವಯಸ್ಸಿನಲ್ಲಿ ಸ್ಕೂಟರು ಯಾಕೆ ಎಂದು ಮನೆಯಲ್ಲಿ ಕೇಳಿದರು. ಬಸ್ಸಿನಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಹೋದವನಿಗೆ ಗೊತ್ತು ಯಾಕೆ ಅಂತ.

ವಾಡೆಯ ಬಾಗಿಲಲ್ಲಿ ಸಿದ್ದಲಿಂಗೇಶನ ತಂಗಿ ನಂದಾ ನಿಂತಿದ್ದಳು. ಒಳಗೆ ಕರೆದಳು, ನೀರು ಕೊಟ್ಟಳು, ಆಮೇಲೆ ಹೇಳಿದಳು: "ಕಾಕಾ, ಚಹಾ ಕುಡೀರಿ, ಊಟ ಮಾಡ್ರಿ, ಬೇಕಾದ್ರ ಎರಡ ತಾಸ ಮಲ್ಕೋರಿ. ಕಿಡಕಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ."

ನನ್ನನ್ನು ಕಿಟಕಿ ಕೀಳಲು ಕರೆದವನು ಅಣ್ಣ, ಬೇಡ ಅನ್ನುವವಳು ತಂಗಿ. ಇಂಥ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸುಮ್ಮನೆ ಕೂತು ಚಹಾ ಕುಡಿದರೆ ಎಲ್ಲ ಹೊರಗೆ ಬರುತ್ತದೆ. ಬಂತು.

ಗಂಡ ತೀರಿಹೋದ ಮೇಲೆ ನಂದಾ ತವರಿಗೆ ಬಂದು ಸುಮ್ಮನೆ ಕೂರಲಿಲ್ಲ. ಅಜ್ಜನ ಪಡಸಾಲೆಯಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಶುರುಮಾಡಿದಳು. ಹೊನವಾಡದಿಂದ ಬೆಳಗಿನ ಬಸ್ಸಿಗೆ ಹೆಂಗಸರು ಬರುತ್ತಾರೆ, ಬಸ್‌ಸ್ಟ್ಯಾಂಡಿನಿಂದ ವಾಡೆ ಹತ್ತಿರ. ಒಣಗಿದ ದ್ರಾಕ್ಷಿಯನ್ನು ಬಣ್ಣ ನೋಡಿ ಬೇರೆಮಾಡಬೇಕು. ಹಸಿರು ಒಂದು ಕಡೆ, ಹಳದಿ ಒಂದು ಕಡೆ, ಕಂದು ಒಂದು ಕಡೆ. ಕಂದು ಬಣ್ಣದ್ದು ನಾಲ್ಕು ಕಾಳು ಹಳದಿಯಲ್ಲಿ ಸೇರಿದರೆ ಇಡೀ ಪೆಟ್ಟಿಗೆಯ ಮಾನ ಹೋಗುತ್ತದೆ. ಆ ಬೇಸಿಗೆಯಲ್ಲಿ ಅದೇ ಆಗಿತ್ತು.

"ಬಣ್ಣದ ಬೆಳಕಿನ್ಯಾಗ ಕುಂತು ಮಣೂಕ ಆರಿಸಿದ್ರ ಮತ್ತೇನಾಗತೈತಿ?" ಎಂದ ಸಿದ್ದಲಿಂಗೇಶ. "ಸಾಂಗ್ಲಿ ವ್ಯಾಪಾರಿ ಪೂರಾ ಮಾಲ ತಿರಗಿ ಕಳಿಸ್ಯಾನ. ಕಂದ ಹಳದಿಯೊಳಗ, ಹಳದಿ ಹಸರಿನೊಳಗ. ನಮ್ಮ ಹೆಸರೇನ ಉಳೀತು ಹೇಳ್ರಿ."

ಅವನ ಮಾತು ಸುಳ್ಳಲ್ಲ. ನಾನೇ ನೋಡಿದೆನಲ್ಲ, ಕಿಟಕಿಯ ಹತ್ತಿರ ನಿಂತರೆ ನನ್ನ ಬಿಳಿ ಅಂಗಿ ದಾಸವಾಳದ ಬಣ್ಣಕ್ಕೆ ತಿರುಗಿತ್ತು. ಮಾಲು ವಾಪಸು ಬಂದ ಮೇಲೆ ಅವನು ಹೆಂಗಸರನ್ನು ಪಡಸಾಲೆಯ ಒಳತುದಿಗೆ, ಟ್ಯೂಬ್‌ಲೈಟಿನ ಕೆಳಗೆ ಕೂರಿಸಿದ್ದ. ಅಲ್ಲಿ ಹಳದಿ ಯಾವುದು ಹಸಿರು ಯಾವುದು ತಿಳಿಯುವುದಿಲ್ಲ, ಮತ್ತೆ ಕರೆಂಟು ಹೋದರೆ ಎಲ್ಲವೂ ಕಪ್ಪೇ. ಅವನ ಯೋಚನೆ ಹೀಗಿತ್ತು: ತೋಟದ ಹತ್ತಿರ ತಗಡಿನ ಶೆಡ್ಡು ಹಾಕುವುದು, ಕಿಟಕಿಗಳನ್ನು ಪುಣೆಯವನಿಗೆ ಕೊಡುವುದು, ಪಡಸಾಲೆಯಲ್ಲಿ ಮಾಲು ಒಟ್ಟುವುದು.

ನಂದಾ ಎದ್ದು ನಿಂತು ಮಾತಾಡಲಿಲ್ಲ. ಕೂತಲ್ಲೇ ಹೇಳಿದಳು. "ಕಿಡಕಿ ಹೋದ್ರ ಇದು ಗೋಡೌನ ಆಗತೈತಿ. ಗೋಡೌನದಾಗ ನಾ ಇರಂಗಿಲ್ಲ. ತೋಟದ ತನಕಾ ಈ ಮುದುಕೇರು ನಡ್ಯಂಗಿಲ್ಲ. ನಿನಗ ಕಿಡಕಿ ಹೋಗತಾವ, ನನಗ ಕೆಲಸಾನ ಹೋಗತೈತಿ."

ನಾನು ಮಧ್ಯೆ ಬಾಯಿ ಹಾಕಿದೆ. ಕಿಟಕಿಗಳನ್ನು ಆಗಲೇ ಉಗುರಿನಿಂದ ಕೆರೆದು ನೋಡಿದ್ದೆ. ಗಾಜು ಹಿಡಿದ ಪುಟ್ಟಿ ಒಣಗಿ ಹಿಟ್ಟಾಗಿತ್ತು. ಈಗಲೇ ಕಿತ್ತರೆ ಚೌಕಟ್ಟು ಕೈಯಲ್ಲಿ, ಗಾಜು ನೆಲದಲ್ಲಿ. ಕೊಡುವುದಿದ್ದರೂ ಇಟ್ಟುಕೊಳ್ಳುವುದಿದ್ದರೂ ಮೊದಲು ಗಟ್ಟಿಮಾಡಬೇಕು ಎಂದೆ. ಇದು ಜಗಳ ತಪ್ಪಿಸಲು ಹೇಳಿದ ಮಾತಲ್ಲ, ಖರೆ ಮಾತು. ಆದರೆ ನಂದಾ ಅದನ್ನು ಥಟ್ಟನೆ ಹಿಡಿದುಕೊಂಡಳು.

"ಯಣ್ಣಾ, ಹಂಗಾರ ಅವರ ಕೆಲಸ ಮುಗಿದ ಮ್ಯಾಲ ನನಗ ಒಂದ ಮಾಲ ಕೊಡು. ಇದ ಪಡಸಾಲ್ಯಾಗ, ಇದ ಕಿಡಕಿ ಬೆಳಕಿನ್ಯಾಗ ಆರಿಸಿ ಸಾಂಗ್ಲಿಗೆ ಕಳಸ್ತೇನಿ. ತಿರಗಿ ಬಂತಂದ್ರ ನಾನ ನಿಂತು ಕಿಡಕಿ ಲಾರಿಗೆ ಏರಸ್ತೇನಿ."

ಸಿದ್ದಲಿಂಗೇಶ ತಲೆಯಾಡಿಸಿದ. ತಂಗಿ ಸೋಲುತ್ತಾಳೆ ಎಂಬ ಧೈರ್ಯ ಅವನಿಗೆ. ಹೇಗೆ ಗೆಲ್ಲುತ್ತೇನೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ಆದರೆ ನಾನು ಮುಖದಲ್ಲಿ ತೋರಿಸಿಕೊಳ್ಳುವವನಲ್ಲ.

ಕಿಟಕಿಗಳು ಹೇಗಿವೆ ಅಂದರೆ, ಬಡಗಣ ಗೋಡೆಯಲ್ಲಿ ಸಾಲಾಗಿ ಮೂರು. ಪ್ರತಿಯೊಂದರ ಮೇಲ್ಭಾಗ ಚಕ್ಕಡಿಯ ಅರ್ಧ ಗಾಲಿಯಂತೆ ಕಮಾನು, ಅರಗಳೆಲ್ಲ ತೇಗದ ಪಟ್ಟಿ. ಅರಗಳ ನಡುವೆ ನೀಲಿ, ಹಸಿರು, ಕೆಂಪು, ಹಳದಿ ಗಾಜು. ಕಮಾನಿನ ಕೆಳಗೆ ಚೌಕ ಚೌಕ ಹೋಳುಗಳ ಒಂದು ಸಾಲು. ಅದರ ಕೆಳಗೆ ಮರದ ಕದ, ರಸ್ತೆಯ ಧೂಳಿಗೆ ಹೆದರಿ ಯಾವಾಗಲೂ ಮುಚ್ಚಿಯೇ ಇಡುತ್ತಾರೆ. ಗಾಜು ತರಿಸಿದವರು ಇವರ ಅಜ್ಜ ಸಂಗನಬಸವ ಸಾವಕಾರರು, ಜೋಳ, ಕಡಲೆ, ಕುಸುಬಿಯ ವ್ಯಾಪಾರಿ. ಕಿಟಕಿಗಳಿಗೆ ತಾಗಿದಂತೆ ಒಳಗೆ ಉದ್ದಕ್ಕೂ ಒಂದು ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಗಾದಿ ಹಾಕಿ ಕೂತು ಅವರು ವ್ಯಾಪಾರ ಮಾಡುತ್ತಿದ್ದರು.

ಮೇಲಿನ ಕಮಾನುಗಳೆಲ್ಲ ಹಳೆಯ ಗಾಜು, ನೋಡಿದರೆ ಕಣ್ಣು ತಂಪಾಗಬೇಕು. ಕೆಳಸಾಲಿನಲ್ಲಿ ಮಾತ್ರ ಹೊಲಸು ಕೆಂಪು ಪ್ಲಾಸ್ಟಿಕ್ ಹಾಳೆ ಬಡಿದಿದ್ದರು. ಬೋರ್ಡು ಬರೆಯುವ ಅಂಗಡಿಯಲ್ಲಿ ಸಿಗುತ್ತದಲ್ಲ, ಅದು. ಇದಕ್ಕೆ ಮೊದಲು ಏನಿತ್ತು ಎಂದು ಕೇಳಿದೆ. ಸಾದಾ ಗಾಜು ಇತ್ತು, ಯಾವಾಗಲೋ ಬಣ್ಣದ್ದು ಒಡೆದಾಗ ಯಾರೋ ಹಾಕಿದ ತೇಪೆ ಎಂದ ಸಿದ್ದಲಿಂಗೇಶ. ನನಗೂ ಸರಿ ಅನ್ನಿಸಿತು. ಹಳೆಯ ಮನೆಗಳಲ್ಲಿ ಕೈಗೆ ಎಟುಕುವ ಸಾಲೇ ಮೊದಲು ಒಡೆಯುವುದು, ಬಣ್ಣದ್ದು ಸಿಗದೆ ಸಾದಾ ಹಾಕುವುದು ಎಲ್ಲ ಕಡೆ ನಡೆದಿದೆ. ಪ್ಲಾಸ್ಟಿಕ್ ಕಿತ್ತು ಅಲ್ಲಿ ಒಳ್ಳೆಯ ಕೆಂಪು ಗಾಜು ಕೂರಿಸೋಣ ಎಂದು ನಿರ್ಧಾರ ಮಾಡಿ, ಅಂಗಡಿಯಲ್ಲಿದ್ದ ಕೆಂಪು ಗಾಜನ್ನು ಅಳತೆಗೆ ಕೊಯ್ದೂಬಿಟ್ಟೆ. ಮುನೀರಾ, ಅಷ್ಟು ಅವಸರ ಬೇಡ ಕಾಕಾ ಎಂದಳು. ನಾನು ಕೇಳಲಿಲ್ಲ.

ಕೆಲಸ ಶುರುವಾಯಿತು. ನಮ್ಮ ಕ್ರಮ ಹೇಳುತ್ತೇನೆ, ಯಾಕೆಂದರೆ ಆಸಿಡ್ ಹಾಕಿ ತೊಳೆದರಂತೆ ಎಂದೂ ಯಾರೋ ಹಬ್ಬಿಸಿದ್ದಾರೆ. ಕಿಟಕಿಯ ಮೇಲೆ ಹಳೆಯ ಪೇಪರು ಹಚ್ಚಿ ಇದ್ದಿಲಿನಿಂದ ಉಜ್ಜಿ ನಕಲು ತೆಗೆದುಕೊಳ್ಳುತ್ತೇವೆ. ಯಾವ ಹೋಳು ಎಲ್ಲಿಯದು ಎಂದು ಅದರ ಮೇಲೆ ಗುರುತು. ಆಮೇಲೆ ಒಂದೊಂದೇ ಹೋಳನ್ನು ಬಿಡಿಸಿ, ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ ಒರೆಸುತ್ತೇವೆ. ನೊಣ ಹೇತ ಕಲೆಗೆ ಉಗುಳಿಗಿಂತ ಒಳ್ಳೆಯ ಔಷಧಿ ಇಲ್ಲ. ಅಸಹ್ಯ ಅನ್ನಿಸಿದರೆ ಅನ್ನಿಸಲಿ. ಬಿರುಕು ಬಿಟ್ಟ ಗಾಜನ್ನು ಎಸೆಯುವುದಿಲ್ಲ. ಬಿರುಕಿಗೆ ಅಂಟು ಹನಿಸಿ ಮತ್ತೆ ಅದರ ಜಾಗದಲ್ಲೇ ಕೂರಿಸುತ್ತೇವೆ. ಹೊಸದು ಹಾಕುವುದು ಏನೂ ಉಳಿಯದ ಕಡೆ ಮಾತ್ರ.

ಪುಟ್ಟಿಯನ್ನು ನಾನೇ ಮಾಡುತ್ತೇನೆ. ಖಡುವಿನ ಪುಡಿ, ಅಂದರೆ ಸೀಮೆಸುಣ್ಣದ್ದು, ಮತ್ತೆ ಗಾಣದ ಅಗಸಿ ಎಣ್ಣೆ, ಎರಡನ್ನೂ ಕಲಸಿ ಮೆತ್ತಗಾಗುವವರೆಗೆ ನಾದಬೇಕು. ಅಂಗಳದಲ್ಲಿ ಕೂತು ನಾದುತ್ತಿದ್ದರೆ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಹಿರಿಯಳು ಹೊನವಾಡದ ಅಕ್ಕನಾಗಮ್ಮ. ಅವಳ ಬಾಯಿ ನನ್ನ ಬಾಯಿಗೆ ಸರಿಸಮ.

"ಶಂಕರೆಪ್ಪಣ್ಣಾ, ಬರೇ ನಾದೂದ ಬರತೈತೋ, ರೊಟ್ಟಿ ಬಡ್ಯಾಕೂ ಬರತೈತೋ?"

"ಬಡದ ಕೊಟ್ರ ನೀ ತಿಂತೀಯೇನು?"

"ನಿನ್ನ ಹೆಂಡತಿ ತಿಂದಾಳಂದ್ರ ನಾನೂ ತಿಂತೇನಿ ತಗೋ."

ಮುನೀರಾ ಏಣಿಯ ಮೇಲೆ ನಿಂತು ಕೆಳಸಾಲಿನ ಪ್ಲಾಸ್ಟಿಕ್ ಕೀಳುತ್ತಿದ್ದಾಗ ಸಿದ್ದಲಿಂಗೇಶನ ಹೆಂಡತಿ ಸುಧಾರಾಣಿ ಚಹಾ ತಂದಳು. ನೆಲದಲ್ಲಿ ಬಿದ್ದ ಕೆಂಪು ಚೂರುಗಳನ್ನು ನೋಡಿ ತಟ್ಟೆಯನ್ನು ಕೆಳಗಿಟ್ಟು ನಗತೊಡಗಿದಳು. ಆ ಪ್ಲಾಸ್ಟಿಕ್ಕಿನ ಕತೆ ಹೊರಬಿದ್ದದ್ದು ಆಗಲೇ.

ನಮ್ಮ ಕಡೆ ಹುಡುಗಿಯನ್ನು ಕೊಡುವ ಮೊದಲು ಅವಳ ಕಡೆಯ ಹಿರಿಯರು ಗಂಡಿನ ಮನೆ ನೋಡಲು ಬರುತ್ತಾರೆ. ಚಹಾ ಕುಡಿಯುತ್ತ ಕೊಟ್ಟಿಗೆ ನೋಡುತ್ತಾರೆ, ಬಾವಿ ನೋಡುತ್ತಾರೆ, ಮಾತಾಡುತ್ತಲೇ ತಲೆ ಎತ್ತಿ ತೊಲೆ ನೋಡುತ್ತಾರೆ. ಎಲ್ಲವನ್ನೂ ನೋಡಿ ಏನೂ ನೋಡದವರಂತೆ ಎದ್ದುಹೋಗುತ್ತಾರೆ. ಸುಧಾರಾಣಿಯ ಕಡೆಯವರು ಬರುತ್ತಾರೆಂದಾಗ ಸಿದ್ದಲಿಂಗೇಶನ ಅಪ್ಪ ಮಲ್ಲಿನಾಥ ಮನೆಗೆಲ್ಲ ಸುಣ್ಣ ಹೊಡೆಸಿದರಂತೆ. ಕೆಳಸಾಲಿನ ಸಾದಾ ಗಾಜು ಅವರ ಕಣ್ಣಿಗೆ ಚುಚ್ಚಿತು. ಮೇಲೆಲ್ಲ ಬಣ್ಣ, ಕೆಳಗೆ ಬೋಳು. ಬಣ್ಣದ ಗಾಜು ಹಾಕಿಸುವ ತಾಕತ್ತು ಈ ಮನೆಗಿಲ್ಲ ಎಂದು ಬೀಗರು ತಿಳಿದರೆ? ಅಷ್ಟನ್ನೂ ಒಡೆದು ತೆಗೆಸಿ, ಪೇಟೆಯಿಂದ ಕೆಂಪು ಪ್ಲಾಸ್ಟಿಕ್ ತಂದು ಬಡಿಸಿದರು.

"ನಮ್ಮವ್ವ ತಿರಗಿ ಹೋಗೂ ಮುಂದ ಬಸ್ಸಿನ್ಯಾಗ ಹೇಳಿದ್ಲಂತ," ಎಂದಳು ಸುಧಾರಾಣಿ. "ಹುಡುಗ ಚೊಲೋ ಅದಾನ, ತೋಟ ಚೊಲೋ ಐತಿ, ಆ ಕೆಂಪ ಪ್ಲಾಸ್ಟಿಕ್ ಒಂದ ಯಾಕ ಬಡದಾರೋ ಯಪ್ಪಾ ಅಂತ."

ಏಣಿಯ ಮೇಲೆ ನಿಂತಾಗ ಮುನೀರಾ ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆ ದಿನವೇ.

ಮರುದಿನ ಬೆಳಗ್ಗೆ ಕೆಳಸಾಲಿನ ಚೌಕಗಳೆಲ್ಲ ಖಾಲಿ. ಗಾಜಿಲ್ಲ, ಪ್ಲಾಸ್ಟಿಕ್ಕಿಲ್ಲ, ಬರೀ ಬಡಗಣ ಆಕಾಶ. ಹೆಂಗಸರು ಬಂದು ಕೂತರು, ಕೂತ ಕೂಡಲೇ ಕರೆಂಟು ಹೋಯಿತು. ಅಕ್ಕನಾಗಮ್ಮ ಬೈದುಕೊಂಡು ತನ್ನ ಚಾಪೆಯನ್ನು ಎಳೆದುಕೊಂಡು ಕಿಟಕಿಯ ಬುಡದ ಕಲ್ಲಿನ ಕಟ್ಟೆಗೆ ಬಂದಳು. ಹಿಂದಿನ ದಿನ ಆರಿಸಿ ಇಟ್ಟಿದ್ದ ಹಳದಿಯ ಪೆಟ್ಟಿಗೆಯನ್ನು ಮುಂದೆ ಸುರಿದುಕೊಂಡಳು. ನೋಡಿದಳು. ಒಂದು ಕಾಳು ತೆಗೆದು ಪಕ್ಕಕ್ಕಿಟ್ಟಳು. ಇನ್ನೊಂದು ತೆಗೆದಳು. ಸ್ವಲ್ಪ ಹೊತ್ತಿಗೆ ಪಕ್ಕದಲ್ಲಿ ಸಣ್ಣ ಗುಡ್ಡೆಯೇ ಆಯಿತು.

"ನಂದವ್ವಾ, ಇಲ್ಲಿ ಬಾ. ನಿನ್ನಿ ಇವನ್ನ ಹಳದಿ ಅಂದಾಕಿ ನಾನ. ಇಲ್ಲಿ ಕುಂತು ನೋಡಿದ್ರ ಕಂದ ಅದಾವ."

ನಂದಾ ಓಡಿಬಂದಳು. ನಾನು ಬಂದೆ, ಮೊಣಕಾಲು ಒಪ್ಪದಿದ್ದರೂ ಕಟ್ಟೆಯ ಮೇಲೆ ಕೂತೆ. ಒಂದು ಹಿಡಿ ದ್ರಾಕ್ಷಿಯನ್ನು ಅಂಗೈಯಲ್ಲಿ ಹರಡಿ ನೋಡಿದರೆ ಪ್ರತಿಯೊಂದು ಕಾಳಿನ ಬಣ್ಣ ಬೇರೆ ಬೇರೆಯಾಗಿ ಕಾಣುತ್ತಿತ್ತು. ಮೇಲಿನ ಕಮಾನುಗಳ ಬಣ್ಣ ನಮ್ಮ ತಲೆಯ ಮೇಲಿಂದ ಹಾದು ಪಡಸಾಲೆಯ ಒಳಗೋಡೆ, ತೊಲೆಗಳ ಮೇಲೆ ಬೀಳುತ್ತಿತ್ತೇ ಹೊರತು ಕಟ್ಟೆಗೆ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಬರೀ ಬಿಳಿ ಬೆಳಕು. ಬಡಗಣ ಬೆಳಕು, ಬಿಸಿಲಿಲ್ಲ, ನೆರಳೂ ಇಲ್ಲ.

ನಾನು ಹೇಳಿದೆ, ಹಾಗಾದರೆ ಕೆಂಪು ಬೇಡ, ಕೆಲಸಕ್ಕೆ ಅನುಕೂಲ ಆಗುವಂತೆ ಸಾದಾ ಗಾಜನ್ನೇ ಹಾಕೋಣ ಎಂದು. ಅನುಕೂಲಕ್ಕಲ್ಲ ಎಂದಳು ಮುನೀರಾ. ಅವಳು ಆಗಲೇ ಚೌಕಗಳಲ್ಲಿ ಗಾಜು ಕೂರುವ ಕಾಲುವೆಯನ್ನು ಸಣ್ಣ ಉಳಿಯಿಂದ ಕೆರೆದಿದ್ದಳು. ಮಲ್ಲಿನಾಥ ಗಾಜು ಒಡೆಸಿದ್ದರಲ್ಲ, ಅದರ ಚೂರುಗಳು ಪುಟ್ಟಿಯೊಳಗೇ ಉಳಿದಿದ್ದವು. ಪೇಪರಿನ ಮೇಲೆ ಸುರಿದು ತೋರಿಸಿದಳು. ಸಾದಾ ಗಾಜಿನ ಚೂರಿನೊಳಗೆ ಗಸಗಸೆಯಷ್ಟು ಗುಳ್ಳೆಗಳು, ಮೇಲಿನ ಬಣ್ಣದ ಗಾಜಿನಲ್ಲಿ ಇರುವಂಥವೇ. ಅದನ್ನು ಹಿಡಿದ ಪುಟ್ಟಿಯೂ ಅದೇ, ಅಗಸಿ ಎಣ್ಣೆ ಒಣಗಿ ಬೆಲ್ಲದ ಬಣ್ಣಕ್ಕೆ ಬಂದದ್ದು. ಅದರ ಕೆಳಗೆ ಬೇರೆ ಪುಟ್ಟಿ ಇಲ್ಲ, ಬೇರೆ ಬಣ್ಣದ ಒಂದು ಚೂರೂ ಇಲ್ಲ.

"ತ್ಯಾಪಿ ಅಲ್ಲ ಕಾಕಾ," ಎಂದಳು. "ಕಿಡಕಿ ಮಾಡಿದ ದಿನಾನ ಹಿಂಗ ಮಾಡ್ಯಾರ."

ನಾನು ಚೂರನ್ನು ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಎಲ್ಲ ತಾನಾಗಿ ಕೂಡಿಬಂತು. ಸಂಗನಬಸವ ಸಾವಕಾರರು ಕೂರುತ್ತಿದ್ದದ್ದು ಈ ಕಟ್ಟೆಯ ಮೇಲೆ. ರೈತ ಚೀಲ ಬಿಚ್ಚಿ ಒಂದು ಹಿಡಿ ಜೋಳ ಅಂಗೈಗೆ ಸುರಿದರೆ, ಅದು ಹಾಲಿನಂತೆ ಬಿಳಿಯೋ, ಮಳೆಗೆ ಸಿಕ್ಕು ಕಪ್ಪಾದದ್ದೋ ಅವರಿಗೆ ಕಾಣಬೇಕು. ಬಂದವರಿಗೆ ಬೆರಗಾಗಲಿ ಎಂದು ಮೇಲೆ ಬಣ್ಣ ಹಾಕಿಸಿದರು. ಮಾಲು ನೋಡಲು ಕೆಳಗೆ ಸಾದಾ ಗಾಜು ಹಾಕಿಸಿದರು. ಮೊಮ್ಮಕ್ಕಳ ಕಾಲಕ್ಕೆ ಜೋಳ ಹೋಗಿ ದ್ರಾಕ್ಷಿ ಬಂತು, ಬೆಳಕಿಗೆ ಏನು ವ್ಯತ್ಯಾಸ? ಇದನ್ನೆಲ್ಲ ನಾನು ನಂದಾಳಿಗೆ ಕೈ ಬೀಸಿ ವಿವರಿಸಿದೆ. ಊಟದ ತನಕ ನನ್ನ ಎಣಿಕೆ ತಪ್ಪಿತ್ತು, ಊಟದ ಮೇಲೆ ಸರಿಯಾಯಿತು. ಕೆಂಪು ಗಾಜು ಕೊಯ್ದದ್ದು ವ್ಯರ್ಥವಾಯಿತಲ್ಲ ಎಂದು ಅಕ್ಕನಾಗಮ್ಮ ಕೊಂಕು ತೆಗೆದಳು. ಕೆಂಪು ಗಾಜು ಕೊಳೆಯುವ ಮಾಲಲ್ಲ, ಇನ್ನೊಂದು ಮನೆಗೆ ಬರುತ್ತದೆ ಎಂದೆ.

ಈಗ ಬೇಕಾದದ್ದು ಹಳೆಯ ಸಾದಾ ಗಾಜು. ಈಗಿನ ಗಾಜು ಕೆರೆಯ ನೀರಿನಂತೆ ಸಪಾಟು. ಹಳೆಯ ಬಣ್ಣದ ಗಾಜಿನ ಪಕ್ಕದಲ್ಲಿ ಅದನ್ನಿಟ್ಟರೆ ಕಚ್ಚೆ ಉಟ್ಟವನ ತಲೆಗೆ ಹೆಲ್ಮೆಟ್ ಹಾಕಿದ ಹಾಗೆ ಕಾಣುತ್ತದೆ. ಹಳೆಯದರಲ್ಲಿ ಸಣ್ಣ ಅಲೆ ಇರುತ್ತದೆ. ಅದು ಎಲ್ಲಿದೆ ಎಂದು ನನಗೆ ಗೊತ್ತು: ಬಬಲೇಶ್ವರದ ಯಲ್ಲಾಲಿಂಗನ ಹತ್ತಿರ. ಬಿದ್ದ ಮನೆಗಳ ತೊಲೆ, ಬಾಗಿಲು, ಕಪಾಟು ಕೊಂಡು ಮಾರುವುದು ಅವನ ಕಸುಬು.

ಹೋದೆವು. ಹುಣಸೆಮರದ ಕೆಳಗೆ ಮುರಿದ ಕಪಾಟುಗಳನ್ನು ಒಟ್ಟಿದ್ದ. ಎರಡು ಕಪಾಟಿನ ಬಾಗಿಲಲ್ಲಿ ನಮಗೆ ಬೇಕಾದ ಗಾಜು ಇತ್ತು. ಮುನೀರಾ ಅದನ್ನು ಅಡ್ಡ ಹಿಡಿದು ಅದರೊಳಗಿಂದ ಮರ ನೋಡಿದಳು, ಮರ ನೀರಿನಲ್ಲಿ ಕಂಡಂತೆ ಸ್ವಲ್ಪ ಅಲುಗಿತು. ಅವಳು ಹೂಂ ಎಂದಳು. ಯಲ್ಲಾಲಿಂಗ ನಾವು ಆಸೆಪಟ್ಟದ್ದನ್ನು ನೋಡಿಬಿಟ್ಟ, ಕೊಡಲು ಬರುವುದಿಲ್ಲ ಎಂದ. ಕಡೆಗೆ ಗೊತ್ತಾದದ್ದು ಏನೆಂದರೆ, ಅವನ ಜೋಡೆತ್ತಿನ ಫೋಟೊಗೆ ಚೌಕಟ್ಟು ಬೇಕಿತ್ತು. ಫೋಟೊದಲ್ಲಿ ಎತ್ತುಗಳು ಚೆನ್ನಾಗಿ ಬಂದಿದ್ದವು, ಮಧ್ಯೆ ನಿಂತ ಯಲ್ಲಾಲಿಂಗನ ಮುಖ ಮಾತ್ರ ಕೊಂಬಿನ ಹಿಂದೆ ಅಡಗಿತ್ತು. ಅಂಗಡಿಯಲ್ಲಿದ್ದ ಅತಿ ಅಗಲದ ಬಂಗಾರದ ಬಣ್ಣದ ಪಟ್ಟಿ ಹಾಕಿ ಕೊಡುತ್ತೇನೆ ಎಂದೆ. ಗಾಜು ನಮ್ಮದಾಯಿತು.

ಹಳೆಯ ಗಾಜನ್ನು ಕೊಯ್ಯುವುದು ಹೊಸದನ್ನು ಕೊಯ್ದ ಹಾಗಲ್ಲ. ಅದು ಗೆರೆಯ ಮಾತು ಕೇಳುವುದಿಲ್ಲ, ತನಗೆ ಬೇಕಾದ ಕಡೆ ಸೀಳುತ್ತದೆ. ಬಿಸಿಲಿನಲ್ಲಿ ಅರ್ಧ ದಿನ ಇಟ್ಟು, ಕಟರಿಗೆ ಸೀಮೆಎಣ್ಣೆ ಹಚ್ಚಿ, ಉಸಿರು ಹಿಡಿದು ಒಂದೇ ಗೆರೆ ಎಳೆಯಬೇಕು. ನಾನೂ ಕೊಯ್ದೆ, ಮುನೀರಾಳೂ ಕೊಯ್ದಳು. ಒಂದೂ ಒಡೆಯಲಿಲ್ಲ. ಇದನ್ನು ಹೇಳದೆ ಬಿಡಲು ನನ್ನಿಂದಾಗದು.

ಅಷ್ಟರಲ್ಲಿ ಸಿದ್ದಲಿಂಗೇಶ ಕಿಟಕಿಗಳ ಫೋಟೊ ತೆಗೆದು ಪುಣೆಯವನಿಗೆ ಕಳಿಸಿದ್ದ. ಕೆಳಗೆ ಯಾಕೆ ಬೋಳು, ಅಲ್ಲೂ ಬಣ್ಣ ಬೇಕು, ಇಲ್ಲದಿದ್ದರೆ ಒಯ್ಯುವುದಿಲ್ಲ ಎಂದು ಅವನು ಹೇಳಿದನಂತೆ. ಸಿದ್ದಲಿಂಗೇಶ ಬಂದವನೇ, ಕೊಯ್ದ ಕೆಂಪು ಗಾಜು ಇದೆಯಲ್ಲ, ಅದನ್ನೇ ಹಾಕಿ ಮುಗಿಸಿರಿ ಎಂದ. ಪಡಸಾಲೆಯಲ್ಲಿ ಹೆಂಗಸರ ಕೈ ನಿಂತವು. ನಂದಾ ನನ್ನ ಮುಖ ನೋಡುತ್ತಿದ್ದಳು. ಕೆಂಪು ಹಾಕಿದರೆ ಅವಳು ಮಾಲು ಆರಿಸುವ ಮೊದಲೇ ಸೋತಂತೆ.

"ಕೆಂಪ ಹಾಕಾಕ ಅರ್ಧಾ ದಿನದ ಕೆಲಸ," ಎಂದೆ. "ನಿನ್ನ ತಂಗಿ ಮಾಲ ಸಾಂಗ್ಲಿಗೆ ಹೋಗಿ ಸುದ್ದಿ ಬರ್ಲಿ. ಅಕಿ ಸೋತ್ರ ಅವತ್ತ ಮಧ್ಯಾಹ್ನಕ್ಕ ಕೆಂಪ ಹಾಕಿ ಕೊಡ್ತೇನಿ. ಅಲ್ಲೀತನಕಾ ಹಾಕಂಗಿಲ್ಲ."

"ಕರೆಸಿದ ಗಿರಾಕಿ ನಾನೋ ಅಕಿನೋ?"

"ಗಿರಾಕಿ ನೀನ ಅದಿ. ಕಿಡಕಿ ನಿಮ್ಮಜ್ಜಂದು. ಅಂವಾ ಎಲ್ಲಿ ಏನ ಹಾಕಿದ್ದನೋ ಅಲ್ಲಿ ಅದನ್ನ ಹಾಕಾಕ ಬಂದೇನಿ. ಬ್ಯಾಡಂದ್ರ ಈಗ ಏಣಿ ಇಳಸ್ತೇನಿ. ಆಮ್ಯಾಲ ಬ್ಯಾರೆ ಯಾರನ್ನ ಕರೀತಿ, ಕರಿ."

ಬೇರೆ ಯಾರೂ ಇಲ್ಲ ಎಂಬುದು ಅವನಿಗೆ ಗೊತ್ತು, ನನಗೂ ಗೊತ್ತು. ಅವನು ತಂಗಿಯ ಕಡೆ ತಿರುಗಿದ. ಅವಳು ಖಾಲಿ ಪೆಟ್ಟಿಗೆಗಳನ್ನು ಕಟ್ಟೆಯಿಂದ ಇಳಿಸುತ್ತಿದ್ದಳು. ಅವನು ಹೊರಗೆ ಹೋದ. ನಾವು ಸಾದಾ ಗಾಜು ಕೂರಿಸಿದೆವು.

ಕೂರಿಸಿದ ಮೇಲೆ ಆ ಪಡಸಾಲೆ ಹೇಗಾಯಿತು ಅಂದರೆ, ಕಟ್ಟೆಯ ಉದ್ದಕ್ಕೂ ಹೆಂಗಸರು ಒಂದೇ ಸಾಲು, ಎಲ್ಲರ ಮಡಿಲಲ್ಲೂ ಬಿಳಿ ಬೆಳಕು. ಹಿಂದಿನ ಗೋಡೆಯ ಮೇಲೆ ಮಾತ್ರ ನೀಲಿ, ಹಸಿರು, ಹಳದಿಯ ತೆಳುವಾದ ನೆರಳು. ಸುಧಾರಾಣಿಯೂ ಅಡುಗೆ ಮುಗಿಸಿ ಬಂದು ಒಂದು ಮೂಲೆಯಲ್ಲಿ ಕೂತು ಆರಿಸತೊಡಗಿದಳು, ಗಂಡ ನೋಡಿದರೂ ಏಳಲಿಲ್ಲ. ನಂದಾ ಯಾರಿಗೂ ಅವಸರ ಮಾಡಲಿಲ್ಲ. ಪ್ರತಿ ಪೆಟ್ಟಿಗೆಯನ್ನು ಮುಚ್ಚುವ ಮೊದಲು ತಾನೇ ಒಂದು ಹಿಡಿ ತೆಗೆದು ನೋಡುತ್ತಿದ್ದಳು. ಸಂಜೆ ಬೆಳಕು ಮಂಕಾದ ಕೂಡಲೇ ಕೆಲಸ ನಿಲ್ಲಿಸುತ್ತಿದ್ದಳು. ಇನ್ನೂ ಕಾಣುತ್ತದೆ ಎಂದು ಹೆಂಗಸರು ಹೇಳಿದರೂ ಕೇಳುತ್ತಿರಲಿಲ್ಲ. ಅವಳಿಗೆ ಇದ್ದದ್ದು ಒಂದೇ ಮಾಲು.

ಮಾಲು ಟೆಂಪೋ ಏರಿ ಸಾಂಗ್ಲಿಗೆ ಹೋಯಿತು. ನಮ್ಮ ಕೆಲಸ ಮುಗಿದಿತ್ತು, ಆದರೂ ನಾನು ಕಿಟಕಿಯ ಮರಕ್ಕೆ ಎಣ್ಣೆ ಹಚ್ಚುವ ನೆಪದಲ್ಲಿ ಮತ್ತೆ ಮತ್ತೆ ಹೋದೆ. ಒಮ್ಮೆ ಹಚ್ಚಿದ್ದಕ್ಕೇ ಇನ್ನೊಮ್ಮೆ ಹಚ್ಚುತ್ತೀರಿ ಎಂದು ಮುನೀರಾ ಹೇಳಿದಳು. ಹೇಳುತ್ತಲೇ ಸ್ಕೂಟರು ತೆಗೆದಳು.

ಫೋನು ಬಂದಾಗ ನಾವು ಅಲ್ಲೇ ಇದ್ದೆವು. ಸಿದ್ದಲಿಂಗೇಶ ಅಂಗಳದಲ್ಲಿ ನಿಂತು ಕೇಳಿದ, ಬಹಳ ಹೊತ್ತು ಕೇಳಿದ. ಆಮೇಲೆ ಒಳಗೆ ಬಂದು ಕಟ್ಟೆಯ ಮೇಲೆ, ನಡುವಿನ ಕಿಟಕಿಗೆ ಬೆನ್ನು ಕೊಟ್ಟು ನಿಂತ. ಹೆಂಗಸರೆಲ್ಲ ತಲೆ ತಗ್ಗಿಸಿ ಆರಿಸುತ್ತಿದ್ದರು, ಆದರೆ ಒಂದು ಕಾಳೂ ಸರಿಯುತ್ತಿರಲಿಲ್ಲ.

ಸಾಂಗ್ಲಿಯವನು ಪೆಟ್ಟಿಗೆ ಪೆಟ್ಟಿಗೆಯನ್ನೂ ಸುರಿಸಿ ನೋಡಿದನಂತೆ. ಬೇರೆ ಬಣ್ಣದ ಕಾಳು ಹುಡುಕಿದರೂ ಸಿಗಲಿಲ್ಲವಂತೆ. ಮಾಲು ಇಟ್ಟುಕೊಂಡಿದ್ದಾನೆ. ಇನ್ನು ಮುಂದೆ ತಾನು ಬೇರೆ ತೋಟಗಳಿಂದ ಕೊಳ್ಳುವ ಮಾಲನ್ನೂ ಇಲ್ಲಿಗೇ ಆರಿಸಲು ಕಳಿಸುತ್ತಾನಂತೆ. ಇದನ್ನೆಲ್ಲ ಸಿದ್ದಲಿಂಗೇಶ ಯಾರದೋ ಮನೆಯ ಸುದ್ದಿ ಹೇಳುವವನಂತೆ ಗೋಡೆ ನೋಡುತ್ತ ಹೇಳಿದ. ಹೇಳಿ ಮುಗಿಸಿ ಅಲ್ಲೇ ನಿಂತ.

ನಂದಾ ಮೊರದಲ್ಲಿದ್ದ ಕಾಳುಗಳನ್ನು ಕೈಯಿಂದ ಹರವಿದಳು. ಅವಳ ಕಣ್ಣು ಒದ್ದೆಯಾಗಿದ್ದವು, ದನಿ ಮಾತ್ರ ಎಂದಿನಂತೆಯೇ ಇತ್ತು.

"ಯಣ್ಣಾ, ಬೆಳಕಿಗೆ ಅಡ್ಡ ನಿಂತೀ. ಅಕ್ಕನಾಗಮ್ಮಗ ಕಾಣವಲ್ದು. ಆ ಕಡೆ ಸರಿ."

ಅವನು ಸರಿದ. ಕಟ್ಟೆ ಇಳಿದು ಅಂಗಳಕ್ಕೆ ಹೋಗಿ ಪುಣೆಯವನಿಗೆ ಫೋನು ಹಚ್ಚಿದ. ಸಿದ್ದಲಿಂಗೇಶನ ದನಿ ದೊಡ್ಡದು, ಹಿಂದಿಯಲ್ಲಿ ಮಾತಾಡುವಾಗ ಇನ್ನೂ ದೊಡ್ಡದು, ಹಾಗಾಗಿ ಇಡೀ ಪಡಸಾಲೆ ಕೇಳಿತು. ಕಿಟಕಿ ಕೊಡುವುದಿಲ್ಲ ಎಂದ. ಆ ಕಡೆಯವನು ಏನೋ ಹೆಚ್ಚಿಗೆ ಕೊಡಲು ಬಂದಿರಬೇಕು, ಆಗುವುದಿಲ್ಲ, ಅಲ್ಲಿ ಜನ ಕೂತು ಕೆಲಸ ಮಾಡುತ್ತಿದ್ದಾರೆ ಎಂದ. ಕಡೆಗೆ, ಹೋಟೆಲಿಗೆ ಒಣದ್ರಾಕ್ಷಿ ಬೇಕಾದರೆ ಹೇಳು, ನಮ್ಮ ಮಾಲಿನಂಥದ್ದು ನಿನಗೆ ಪುಣೆಯಲ್ಲಿ ಸಿಗುವುದಿಲ್ಲ ಎಂದು ವ್ಯಾಪಾರವನ್ನೇ ಶುರುಮಾಡಿಬಿಟ್ಟ.

ಅಕ್ಕನಾಗಮ್ಮ ತಲೆ ಎತ್ತದೆಯೇ ಹೇಳಿದಳು: "ನಂದವ್ವಾ, ನಾಳಿಂದ ನಮ್ಮೂರಿಂದ ಇನ್ನಿಬ್ಬರನ್ನ ಕರಕೊಂಡ ಬರ್ಲೇನು? ಕಟ್ಟಿ ಮ್ಯಾಲ ಜಾಗಾ ಐತಿ."

ಕರಕೊಂಡು ಬಾ ಎಂದಳು ನಂದಾ.